ಉಪ್ಪಿಟ್ಟು ಊಟವಲ್ಲ

ಅಕ್ಕನ ಮಗಳು ಸಂಕಷ್ಟಿ ಉಪವಾಸ ಹಿಡಿದಿದ್ದಾಳೆ ಎಂಬ ಸುದ್ದಿ ಕಡೂರಿಗೆ ಬಂದಾಗ ನಮ್ಮ ಅಮ್ಮ ಬೀದಿಯ ಮನೆಮನೆಗೂ ಹೇಳಿಕೊಂಡು ಬಂದಳು. ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಮಂಗಳಾರತಿ ಹೊತ್ತಿಗೆ ಸರಿಯಾಗಿ ಬಾತ್‌ರೂಮಿಗೆ ಹೋಗುವವಳು. ಅಂಥವಳು ಒಂದು ಬೆಳಿಗ್ಗೆ ತಟ್ಟೆ ದೂರ ಸರಿಸಿ, "ಇವತ್ತು ಸಂಕಷ್ಟಿ, ಐ ಆಮ್ ಫಾಸ್ಟಿಂಗ್" ಎಂದಳಂತೆ. ಅಕ್ಕ ಫೋನಿನಲ್ಲಿ ಹೇಳುವಾಗ ಅವಳ ದನಿ ಒದ್ದೆಯಾಗಿತ್ತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದ್ದಕ್ಕೆ ಏನೋ ಒಂದು ಸಾರ್ಥಕವಾಯಿತು ಎಂಬ ಹಾಗೆ.

ಅಕ್ಕನೂ ಭಾವನೂ ಇಬ್ಬರೂ ಡಾಕ್ಟರು. ಅಕ್ಕ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಭಾವ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಇಬ್ಬರ ಡ್ಯೂಟಿ ಸರದಿಯ ರೋಟಾಗಳು ಒಂದಕ್ಕೊಂದು ಹೊಂದದೆ, ಮನೆಯಲ್ಲಿ ಯಾರಾದರೊಬ್ಬರು ದೊಡ್ಡವರು ಇರಲಿ ಎಂದು ಕೆಲವು ತಿಂಗಳ ಮಟ್ಟಿಗೆ ನನ್ನನ್ನು ಕರೆಸಿಕೊಂಡರು. ಅಕ್ಕ ಮೆಡಿಕಲ್ ಓದುವಾಗ ನಾನು ಏಳನೇ ಕ್ಲಾಸು ಬಿಟ್ಟು ಅಪ್ಪನ ಅಂಗಡಿಯಲ್ಲಿ ನಿಂತವನು. ಅಂಗಡಿ ಕಿರಾಣಿಯಿಂದ ಜೆರಾಕ್ಸಿಗೆ ಬದಲಾದ ಮೇಲೆ, ಜೆರಾಕ್ಸಿಗೆ ಬರುತ್ತಿದ್ದ ನೋಟ್ಸುಗಳನ್ನೆಲ್ಲ ಓದಿಕೊಂಡು, ಮೂವತ್ತು ದಾಟಿ ಎಸ್ಸೆಸ್ಸೆಲ್ಸಿ, ನಲವತ್ತು ದಾಟಿ ಬಿ.ಎ. ಮುಗಿಸಿದೆ. ಹೀಗೆ ತಡವಾಗಿ ಓದಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಯಾರು ಏನು ಪ್ರಶ್ನೆ ಕೇಳಿದರೂ ಅದಕ್ಕೆ ಪೂರ್ತಿ ಉತ್ತರ ಬರೆಯಬೇಕು, ಬಿಟ್ಟರೆ ಅಂಕ ಹೋಗುತ್ತದೆ ಎಂಬ ಭಯ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಸಂಕಷ್ಟಿಯ ಜೊತೆಗೆ ಏಕಾದಶಿ ಸೇರಿತ್ತು. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ತಿಮ್ಮಪ್ಪನಿಗೆ. ಫೋನಿನಲ್ಲಿ ಪಂಚಾಂಗದ ಆಪ್ ಹಾಕಿಕೊಂಡಿದ್ದಳು. ನಮ್ಮ ಪಂಚಾಂಗದಲ್ಲಿ ಉಪವಾಸಕ್ಕೆ ಕೊರತೆ ಇಲ್ಲ, ಹುಡುಕುವವರಿಗೆ ದಿನಕ್ಕೊಬ್ಬ ದೇವರು ಸಿಕ್ಕೇ ಸಿಗುತ್ತಾನೆ. ಒಂದು ಸಂಜೆ ನನ್ನ ಹತ್ತಿರ ಬಂದು, "ಮಾಮ, ಬುಧವಾರ ಯಾರದು? ಡಸ್ ಇಟ್ ಹ್ಯಾವ್ ಎನಿಬಡಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದು ಹೇಳಲು ಮನಸ್ಸಾಗದೆ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಯೋಚಿಸಿ, "ಬುಧನೇ ಇದಾನಲ್ಲೋ" ಎಂದಳು. ಬುಧನಿಗೂ ಒಂದು ದಿನ ಸಿಕ್ಕಿತು.

ಭಾನುವಾರ ಲೆಸ್ಟರ್‌ನ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಪ್ರಸಾದ ಬಡಿಸುವ ಹೆಂಗಸೊಬ್ಬರಿದ್ದರು. ಬೀರೂರಿನ ಕಡೆಯವರು, ಅಂದರೆ ನಮ್ಮೂರಿನ ಪಕ್ಕದವರು. ಅಮ್ಮನಿಗೂ ಅವರಿಗೂ ಫೋನಿನಲ್ಲಿ ಬಳಕೆ. ನಮ್ಮ ಮನೆಯಲ್ಲಿ ಅವರಿಗೆ ಲೆಸ್ಟರ್ ಆಂಟಿ ಎಂದೇ ಹೆಸರು. ಅವರು ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಉಪವಾಸದ ತೇಜಸ್ಸು ನೋಡಿ ಮುಖದಲ್ಲಿ, ಏನ್ ಕಳೆ" ಎಂದರು. ಭಾವನ ಮುಖ ಅರಳಿತು. ಅಲ್ಲಿ ಎದ್ದು ಕಾಣುತ್ತಿದ್ದದ್ದು ಕೆನ್ನೆಯ ಮೂಳೆ. ಮೂಳೆ ಡಾಕ್ಟರಿಗೂ ಅದು ತೇಜಸ್ಸಾಗಿಯೇ ಕಂಡಿತು.

ಆಮೇಲೆ ಒಂದು ದಿನ ಸ್ಕೂಲಿನ ಆಟದ ಪೀರಿಯಡ್ಡಿನಲ್ಲಿ ಬಿದ್ದಳು. ಭಾವ ಐರನ್ ಕಮ್ಮಿ ಇರಬೇಕು ಎಂದರು. ಅಕ್ಕ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಕಾಯಿಲೆಯ ಹೆಸರು ಅವಳಿಗೆ ಗೊತ್ತಿತ್ತು. ಬೇರೆಯವರ ಮಗಳು ಅವಳ ಕ್ಲಿನಿಕ್ಕಿಗೆ ಬಂದಿದ್ದರೆ ಬಾಗಿಲಿನಿಂದ ಒಳಗೆ ಬರುವಾಗಲೇ ಹೇಳುತ್ತಿದ್ದಳು.

ದೊಡ್ಡ ಡಾಕ್ಟರು ನೋಡಿ, ಸುತ್ತಿ ಬಳಸದೆ ಹೇಳಿದರು. ಇದು ವ್ರತವಲ್ಲ, ತಿನ್ನುವುದಕ್ಕೇ ಹೆದರುವ ಮನಸ್ಸಿನ ಕಾಯಿಲೆ. ಇನ್ನು ಕೆಲವು ವಾರದಲ್ಲಿ ತೂಕ ತಿರುಗದಿದ್ದರೆ ವಾರ್ಡಿಗೆ ಸೇರಿಸಬೇಕು. ಹತ್ತಿರದಲ್ಲಿ ಎಲ್ಲೂ ಬೆಡ್ ಇಲ್ಲ, ಇರುವುದು ಮ್ಯಾಂಚೆಸ್ಟರ್ ಆಚೆ. ಎಷ್ಟು ತಿಂಗಳು ಎಂದು ಹೇಳಲಾಗುವುದಿಲ್ಲ, ಈ ವರ್ಷದ ಸ್ಕೂಲ್ ಪರೀಕ್ಷೆ ಹೋಗುತ್ತದೆ. ಹುಡುಗಿ ಕಾರಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು, "ಐ ಆಮ್ ನಾಟ್ ಗೋಯಿಂಗ್ ದೇರ್" ಎಂದಳು. ಊಟದ ವಿಷಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಯಾರೋ ಬೇಕೆಂದೇ ಅವಳನ್ನು ಅಷ್ಟು ದೂರ ಕಳಿಸುತ್ತಿದ್ದಾರೆ ಎಂಬ ಹಾಗೆ.

"ಮುಂದಿನ್ ವಾರ ಅಸೆಸ್‌ಮೆಂಟು. ಮನೇಲಿ ಅವಳ ಜೊತೆ ಊಟಕ್ ಕೂರೋರೆಲ್ಲ ಬರ್ಬೇಕಂತೆ, ನೀನೂ ಬರ್ಬೇಕು" ಎಂದಳು ಅಕ್ಕ.

ಅಸೆಸ್‌ಮೆಂಟ್ ಎಂದರೆ ನನಗೆ ಗೊತ್ತಿದ್ದದ್ದು ಬಿ.ಎ.ಯಲ್ಲಿ ಕೊಡುತ್ತಿದ್ದ ಇಂಟರ್ನಲ್ ಮಾರ್ಕ್ಸು. "ಏನ್ ಓದ್ಕೋಬೇಕು?" ಎಂದೆ.

"ಏನೂ ಓದ್ಕೋಬೇಡ ಕಣೋ. ಊಟದ ಬಗ್ಗೆ ನಮ್ ನಂಬಿಕೆ ಏನು, ತಿನ್ನೋವಾಗ ತಲೇಲಿ ಏನ್ ಓಡತ್ತೆ, ಅದನ್ ಕೇಳ್ತಾರೆ ಅಷ್ಟೆ."

ಊಟದ ಬಗ್ಗೆ ನಂಬಿಕೆಗಳು. ಅದು ನನಗೆ ಬರುವ ವಿಷಯ. ಆ ವಾರವೆಲ್ಲ ಪಾತ್ರೆ ತೊಳೆಯುವಾಗ, ತೋಟಕ್ಕೆ ನೀರು ಹಾಕುವಾಗ, ನೆನಪು ಮಾಡಿಕೊಂಡು ತಲೆಯಲ್ಲಿ ಜೋಡಿಸಿಟ್ಟುಕೊಂಡೆ. ಹುಡುಗಿಯ ಜೀವದ ವಿಷಯ, ನನ್ನ ಕಡೆಯಿಂದ ಒಂದು ಪ್ರಶ್ನೆಯೂ ಖಾಲಿ ಉಳಿಯಬಾರದು ಎಂದು.

ಕ್ಲಿನಿಕ್ಕಿನ ಕೋಣೆಯಲ್ಲಿ ಕುರ್ಚಿಗಳು ತಗ್ಗಾಗಿದ್ದವು, ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ನಮ್ಮನ್ನು ನೋಡುವವರು ಒಬ್ಬ ನರ್ಸು. ಕೆಂಪು ಚೌಕಟ್ಟಿನ ಕನ್ನಡಕ, ಬರ್ಮಿಂಗ್‌ಹ್ಯಾಮಿನ ಎಳೆದ ಇಂಗ್ಲಿಷು. ಆ ಕಡೆಯವರ ಹಾಗೆ ಎಲ್ಲರನ್ನೂ ಬ್ಯಾಬ್, ಅಂದರೆ ಚಿನ್ನ, ಎನ್ನುತ್ತಿದ್ದರು, ಭಾವನನ್ನೂ ಸೇರಿಸಿ. ಅವರ ಮಾತು ನನಗೆ ಬಹುಪಾಲು ಅರ್ಥವಾಗುತ್ತಿತ್ತು, ತಿರುಗಿ ಇಂಗ್ಲಿಷಿನಲ್ಲಿ ಹೇಳಲು ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ನಾನು ಕನ್ನಡದಲ್ಲಿ ಹೇಳುವುದು, ಅಕ್ಕ ಇಂಗ್ಲಿಷಿಗೆ ತಿರುಗಿಸುವುದು ಎಂದಾಯಿತು.

ಊಟದ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಏನಾದರೂ ರೂಲ್ಸ್ ಇದೆಯೇ ಎಂದು ನರ್ಸು ಕೇಳಿದರು.

"ನೋ ರೂಲ್ಸ್. ವಿ ಆರ್ ವೆರಿ ರಿಲಾಕ್ಸ್ಡ್" ಎಂದರು ಭಾವ.

ಈ ಉತ್ತರಕ್ಕೆ ಅಂಕ ಸಿಗುವುದಿಲ್ಲ ಎನಿಸಿ ನಾನು ಕೈ ಎತ್ತಿದೆ. ರಾತ್ರಿ ಮೊಸರು ತಿನ್ನಬಾರದು. ನಿಂತುಕೊಂಡು ತಿಂದರೆ ಕಾಲಿಗೆ ಇಳಿಯುತ್ತದೆ. ಎಡಗೈಯಲ್ಲಿ ಬಡಿಸಬಾರದು. ಗ್ರಹಣ ಹಿಡಿದಾಗ ತಿನ್ನಬಾರದು. ಯಾರಾದರೂ ದೋಸೆ ತಿನ್ನುತ್ತಿದ್ದರೆ ಎಷ್ಟಾಯಿತು ಎಂದು ಎಣಿಸಬಾರದು, ಕಣ್ಣು ಬೀಳುತ್ತದೆ. ಎಲೆ ಮುಂದೆ ಕೂತವರು ಸಾಕು ಎಂದರೆ ನಂಬಬಾರದು, ಮತ್ತೆ ಬಡಿಸಬೇಕು, ಮತ್ತೆ ಸಾಕು ಎಂದರೂ ಬಡಿಸಬೇಕು, ಎಲೆಯ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಇಟ್ಟರೆ ಮಾತ್ರ ಅದು ನಿಜವಾದ ಸಾಕು.

ಎಲ್ಲ ಕೇಳಿಸಿಕೊಂಡು ಅಕ್ಕ ನರ್ಸಿನ ಕಡೆ ತಿರುಗಿ, "ಹಿ ಸೇಸ್ ವಿ ವ್ಯಾಲ್ಯೂ ಫ್ಯಾಮಿಲಿ ಮೀಲ್ಸ್" ಎಂದಳು.

ಅಲ್ಲಿಯವರೆಗೆ ತನ್ನ ಶೂ ನೋಡುತ್ತ ಕೂತಿದ್ದ ಹುಡುಗಿ ತಲೆ ಎತ್ತಿದಳು. "ದಟ್ಸ್ ನಾಟ್ ವಾಟ್ ಹಿ ಸೆಡ್."

"ಸಾರಾಂಶ ಹೇಳ್ದೆ ಪುಟ್ಟ."

"ಅಮ್ಮ, ಹಿ ಸೆಡ್ ದೋಸೆಗಳಿಗೆ ಕಣ್ಣು ಬೀಳತ್ತೆ."

"ದೋಸೆಗಲ್ಲಮ್ಮ, ತಿನ್ನೋರಿಗೆ" ಎಂದು ನಾನು ತಿದ್ದಿದೆ.

ನರ್ಸು ಪೆನ್ನು ಕೆಳಗಿಟ್ಟರು. ಇನ್ನು ಮುಂದೆ ಮಾವನ ಮಾತನ್ನು ನೀನೇ ಹೇಳು ಎಂದು ಹುಡುಗಿಗೆ ಹೇಳಿದರು. ಅವಳು ಮೊದಲಿಂದ ಒಂದೊಂದಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಏನೂ ಬಿಡಲಿಲ್ಲ. ನನ್ನ ಅಕ್ಕನ ಮಗಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಆವತ್ತೇ ಕೇಳಿದ್ದು.

"ಮಾವನೂ ಉಪವಾಸ ಮಾಡುತ್ತಾರಾ?" ಎಂದು ನರ್ಸು ಕೇಳಿದರು.

"ಶನಿವಾರ ಮಾಡ್ತೀನಿ. ಏಕಾದಶಿನೂ ಮಾಡ್ತೀನಿ."

"ಆವತ್ತು ಏನೂ ತಿನ್ನಲ್ವಾ?"

"ತಿಂತೀನಿ. ಬೆಳಿಗ್ಗೆ ಉಪ್ಪಿಟ್ಟು. ಮಧ್ಯಾಹ್ನ ಚಪಾತಿ, ಪಲ್ಯ, ಎರಡು ಬಾಳೆಹಣ್ಣು. ಸಾಯಂಕಾಲ ಸ್ವಲ್ಪ ಮಂಡಕ್ಕಿ. ರಾತ್ರಿ ಗೋಧಿ ದೋಸೆ."

ಹುಡುಗಿ ಇದನ್ನು ಹೇಳುತ್ತ ಹೇಳುತ್ತ ಮಧ್ಯದಲ್ಲಿ ನಿಂತಳು. "ಮಾಮ, ದಟ್ಸ್ ಮೋರ್ ದ್ಯಾನ್ ನಾರ್ಮಲ್."

"ಹೌದು, ಶನಿವಾರ ಸ್ವಲ್ಪ ಜಾಸ್ತಿನೇ ಆಗತ್ತೆ."

"ಹಾಗಾದ್ರೆ ಏನು ಬಿಡ್ತೀರಿ?" ಎಂದರು ನರ್ಸು.

"ಅನ್ನ."

"ಬರೀ ಅನ್ನ?"

"ಅನ್ನ ಬಿಟ್ರೆ ಊಟ ಬಿಟ್ಟ ಹಾಗೆ. ಉಳಿದಿದ್ದೆಲ್ಲ ಫಲಾಹಾರ."

"ದಟ್ಸ್ ಚೀಟಿಂಗ್" ಎಂದಳು ಹುಡುಗಿ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಅಷ್ಟು ತಿಂಗಳಿಂದ ಅವಳು ಆ ದೇವರುಗಳಿಗೆಲ್ಲ ನೀರು ಕುಡಿದುಕೊಂಡು ಮಾಡಿದ್ದನ್ನು ನಾವು ಕಡೂರಿನವರು ಉಪ್ಪಿಟ್ಟು ತಿಂದುಕೊಂಡು ಮಾಡುತ್ತಿದ್ದೆವು.

ತಪ್ಪಿ ಅನ್ನ ತಿಂದುಬಿಟ್ಟರೆ ಏನಾಗುತ್ತದೆ ಎಂದು ನರ್ಸು ಕೇಳಿದರು. ಏನೂ ಆಗುವುದಿಲ್ಲ ಎಂದೆ. ಒಂದು ಸಲ ಮದುವೆಮನೆಯಲ್ಲಿ ಏಕಾದಶಿ ಎಂದು ಮರೆತು ಚಿತ್ರಾನ್ನ ತಿಂದಿದ್ದೆ, ನೆನಪಾದದ್ದು ಮೊಸರನ್ನಕ್ಕೆ ಬಂದಾಗ, ಹೇಗೂ ತಿಂದಾಗಿದೆ ಎಂದು ಅದನ್ನೂ ತಿಂದೆ. "ಯಾರಿಗೂ ಕೋಪ ಬರಲ್ವಾ?" ಎಂದರು. "ಯಾರಿಗೆ ಕೋಪ? ಮುಂದಿನ ಏಕಾದಶಿ ಇದ್ದೇ ಇದೆಯಲ್ಲ."

ಇದನ್ನು ಹುಡುಗಿ ಕೂಡಲೇ ತಿರುಗಿಸಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಹಿ ಸೇಸ್ ನಥಿಂಗ್ ಹ್ಯಾಪನ್ಸ್" ಎಂದಳು.

"ನೀನು ತಪ್ಪಿ ತಿಂದರೆ?"

"ಎವ್ರಿಥಿಂಗ್" ಎಂದಳು. ಮತ್ತೆ ಶೂ ನೋಡತೊಡಗಿದಳು.

ಮನೆಗೆ ಬರುವಾಗ ನಮಗೆ ಒಂದು ಪ್ಲಾನ್ ಕೊಟ್ಟರು. ಹೊತ್ತು ಹೊತ್ತಿಗೆ ಊಟ, ನಡುವೆ ತಿಂಡಿ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು, ವಾದ ಮಾಡಬಾರದು, ಹೊಗಳಬಾರದು. ಮೊದಲ ಕೆಲವು ದಿನ ಆ ಮೇಜಿನ ಮುಂದೆ ಕೂರುವುದೆಂದರೆ ಪ್ರಾಣಸಂಕಟ. ಒಂದು ಚಮಚ ಅನ್ನದ ಮುಂದೆ ಮೂರು ಜನ ದೊಡ್ಡವರು ಟಿವಿ ನೋಡುವ ಹಾಗೆ ನಟಿಸುತ್ತ ಕೂತಿರುತ್ತಿದ್ದೆವು. ಟಿವಿ ಆಫ್ ಆಗಿರುತ್ತಿತ್ತು. ಭಾವ ಮಾತ್ರ ಒಮ್ಮೊಮ್ಮೆ ಅದರ ಕಡೆ ನೋಡಿ ತಲೆ ಆಡಿಸುತ್ತಿದ್ದರು.

ಶನಿವಾರ ಅವರಿಬ್ಬರಿಗೂ ಡ್ಯೂಟಿ. ನಾನು ನನ್ನ ಪದ್ಧತಿಯಂತೆ ಉಪ್ಪಿಟ್ಟು ಮಾಡಿ, ಅವಳಿಗೂ ಒಂದು ತಟ್ಟೆಯಲ್ಲಿ ಹಾಕಿ ಮುಂದಿಟ್ಟೆ. ಅವಳು ಬಹಳ ಹೊತ್ತು ಅದನ್ನು ನೋಡಿ, "ಇಸ್ ದಿಸ್ ಊಟ?" ಎಂದು ಕೇಳಿದಳು.

"ಉಪ್ಪಿಟ್ಟು ಹೇಗಮ್ಮ ಊಟ ಆಗತ್ತೆ" ಎಂದೆ. ನಾನು ಏನೂ ಉಪಾಯ ಮಾಡಿ ಹೇಳಿದ್ದಲ್ಲ. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಅದೇ ಹೇಳುತ್ತಾರೆ.

ಅವಳು ಚಮಚ ತೆಗೆದುಕೊಂಡು ತಿಂದಳು. ಪೂರ್ತಿ ತಿಂದಳು. ನಾನು ಎದ್ದುಹೋಗಿ ಹಿತ್ತಲಿನಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದೆ.

"ಏನ್ ಹೇಳ್ದೆ ಅವಳಿಗೆ?" ಎಂದಳು ಅಕ್ಕ.

"ಉಪ್ಪಿಟ್ಟು ಊಟ ಅಲ್ಲ ಅಂದೆ."

"ನಿಜ ತಾನೇ. ಅಲ್ಲ ತಾನೇ" ಎಂದಳು, ಇಷ್ಟೂ ವರ್ಷ ಜಿಪಿ ಆಗಿರುವವಳು.

ಅಂದಿನಿಂದ ನಮ್ಮ ಮನೆಯಲ್ಲಿ ಊಟ ನಿಂತುಹೋಯಿತು. ಚಪಾತಿ ಊಟವಲ್ಲ, ಅದು ಫಲಾಹಾರ. ರವೆ ದೋಸೆ ಊಟವಲ್ಲ. ಅಕ್ಕಿ ಸೇರಿದ ಇಡ್ಲಿಯ ಬಗ್ಗೆ ಒಂದು ಸಂಜೆಯೆಲ್ಲ ಚರ್ಚೆಯಾಯಿತು. ಅಕ್ಕಿ ರುಬ್ಬಿದ ಮೇಲೆ ಅಕ್ಕಿಯಾಗಿ ಉಳಿಯುವುದಿಲ್ಲ ಎಂದು ಭಾವ ವಾದಿಸಿದರು, ಹುಡುಗಿ ಒಪ್ಪಲಿಲ್ಲ, ಕೊನೆಗೆ ರವೆ ಇಡ್ಲಿಗೆ ರಾಜಿಯಾಯಿತು. ಅವಲಕ್ಕಿಯನ್ನು ಬೇಯಿಸುವುದಿಲ್ಲ, ನೆನೆಸುತ್ತೇವೆ, ಹಾಗಾಗಿ ಪಾಸು. ಪಾಸ್ತಾ ಗೋಧಿಯದು. ಪೀಟ್ಜಾ ಎಂದರೆ ರೊಟ್ಟಿಯ ಮೇಲೆ ಪಲ್ಯ. ಭಾವ ಆಪರೇಷನ್ ಥಿಯೇಟರಿನಿಂದ ನೇರ ಬಂದು, ಕೋಟು ತೆಗೆಯುವ ಮೊದಲೇ, "ಬೇಕ್ಡ್ ಬೀನ್ಸ್ ಉಸಲಿ ಇದ್ದ ಹಾಗೆ ಅಲ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಯೋಚಿಸಿ ತೀರ್ಪು ಕೊಡುತ್ತಿದ್ದೆ. ಊಟ ಎಂಬ ಪದವನ್ನು ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ಭಾವನ ಬಾಯಿಂದ ಒಮ್ಮೆ ಅರ್ಧ ಬಂದಾಗ ಅದನ್ನು ಕೆಮ್ಮಾಗಿ ತಿರುಗಿಸಿಕೊಂಡರು. ಆದರೂ ಹುಡುಗಿ ತಿನ್ನುತ್ತಿದ್ದಳು. ಕ್ಲಿನಿಕ್ಕಿನಲ್ಲಿ ತೂಕ ಸ್ವಲ್ಪ ಏರಿತ್ತು. ಮ್ಯಾಂಚೆಸ್ಟರಿನ ಮಾತು ಯಾರೂ ಎತ್ತಲಿಲ್ಲ.

ಆದರೆ ಕಡೂರಿನಿಂದ ಬರುವ ಫೋನಿನ ಮೊದಲ ಮಾತೇ ಊಟ ಎಂಬುದನ್ನು ನಾವು ಮರೆತಿದ್ದೆವು. ಒಂದು ದಿನ ಎಲ್ಲರೂ ಮೇಜಿನ ಸುತ್ತ ಇದ್ದಾಗ ಅಮ್ಮ ವಿಡಿಯೋದಲ್ಲಿ ಬಂದಳು.

"ಊಟ ಆಯ್ತಾ?"

ನಮ್ಮೆಲ್ಲರ ಮುಂದೆ ಮುಗಿದ ತಟ್ಟೆಗಳಿದ್ದವು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದರೆ ಅವಳು ತಿಂದದ್ದು ಊಟ ಎಂದಾಗುತ್ತದೆ.

"ಇಲ್ಲಮ್ಮ" ಎಂದೆ.

"ಯಾಕೋ, ಇಷ್ಟ್ ಹೊತ್ತಾಯ್ತಲ್ಲ. ಇನ್ನ್ ಯಾವಾಗ್ ಮಾಡ್ತೀರ?"

"ಮಾಡಲ್ಲ."

"ನಿನ್ನೆ ಏನ್ ಮಾಡಿದ್ರಿ?"

"ನಿನ್ನೆನೂ ಇಲ್ಲ."

ಅಮ್ಮ ಫೋನನ್ನು ಮುಖಕ್ಕೆ ಹತ್ತಿರ ಹಿಡಿದಳು. ಪರದೆಯ ತುಂಬ ಅವಳ ಹಣೆ. "ಅಳಿಯಂದ್ರೇ, ಏನ್ ಇವ್ನು ಹೇಳೋದು?"

"ನಾವು ಊ… ಅದನ್ನ ಬಿಟ್ಟು ಸುಮಾರು ದಿನ ಆಯ್ತು ಅತ್ತೆ" ಎಂದರು ಭಾವ. "ಎಲ್ಲ ಚೆನ್ನಾಗಿದೀವಿ."

ಫೋನು ಕಟ್ಟಾಯಿತು. ಅಮ್ಮ ಮರುಗಳಿಗೆಯೇ ಲೆಸ್ಟರ್ ಆಂಟಿಗೆ ಫೋನು ಮಾಡಿದ್ದಳು.

ಮುಂದಿನ ಶನಿವಾರ ಅವರು ಬಂದರು. ಕಾರಿನ ಡಿಕ್ಕಿಯಲ್ಲಿ ದೇವಸ್ಥಾನದ ದೊಡ್ಡ ಪಾತ್ರೆಗಳು. ಬಿಸಿಬೇಳೆಬಾತು, ಪುಳಿಯೋಗರೆ, ಮೊಸರನ್ನ. ಪೂರ್ತಿ ಅನ್ನವೇ. ಬಾಗಿಲಲ್ಲೇ ಭಾವನ ಕೈ ಹಿಡಿದುಕೊಂಡು, "ಕೆಲಸ ಹೋಯ್ತಾ ನಿಮ್ದು? ಹೇಳ್ಕೊಳ್ಳೋಕೆ ಏನ್ ನಾಚಿಕೆ, ನಾವೆಲ್ಲ ಇಲ್ವಾ" ಎಂದರು. ಭಾವ ಆಗ ತಾನೇ ಯಾರದೋ ಸೊಂಟದ ಕೀಲು ಬದಲಾಯಿಸಿ ಬಂದಿದ್ದರು. ಇಲ್ಲ ಇಲ್ಲ ಎನ್ನುವಷ್ಟರಲ್ಲಿ ಪಾತ್ರೆ ಒಳಗೆ ಹೋಗಿತ್ತು.

ಹುಡುಗಿ ಮೇಜಿನ ಮುಂದೆ ಚಪಾತಿ ತಿನ್ನುತ್ತಿದ್ದಳು. ಆಂಟಿ ಅವಳ ತಲೆ ಸವರಿದರು. "ಪಾಪ, ಇಷ್ಟ್ ದಿನ ಏನ್ ತಿಂದ್ಕೊಂಡಿದ್ದೆ ಚಿನ್ನ?"

"ಉಪ್ಪಿಟ್ಟು. ಚಪಾತಿ. ದೋಸೆ" ಎಂದಳು. "ನೋ ಊಟ."

"ಅಯ್ಯೋ ಹುಚ್ಚಿ" ಎಂದು ಆಂಟಿ ಸಮಾಧಾನವಾಗಿ ನಕ್ಕರು. "ಅದೆಲ್ಲ ಊಟಾನೇ ಕಣೇ. ಹೊಟ್ಟೆಗ್ ಹೋಗಿದ್ದೆಲ್ಲ ಊಟಾನೇ. ಚೆನ್ನಾಗೇ ತಿಂದಿದೀಯ ಬಿಡು."

ಹುಡುಗಿ ಕೈಯಲ್ಲಿದ್ದ ಚಪಾತಿ ಚೂರನ್ನು ತಟ್ಟೆಯಲ್ಲಿಟ್ಟಳು. ಆ ಒಂದು ಮಾತಿಗೆ ಅವಳು ಅಷ್ಟು ದಿನ ತಿಂದಿದ್ದೆಲ್ಲ ಒಟ್ಟಿಗೇ ಊಟವಾಗಿಬಿಟ್ಟಿತು. ಅದು ಅವಳ ಮುಖದಲ್ಲಿ ನಮಗೆ ಕಾಣಿಸಿತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಆಂಟಿ ಏನೂ ತಿಳಿಯದೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಆವತ್ತೂ ಮಾರನೆಯ ದಿನವೂ ಅವಳು ಏನೂ ಮುಟ್ಟಲಿಲ್ಲ. ಉಪ್ಪಿಟ್ಟನ್ನು ತಳ್ಳಿ, "ಯು ಲೈಡ್" ಎಂದಳು ನನಗೆ. ಸೋಮವಾರ ಬೆಳಿಗ್ಗೆ ನೋಡಿದರೆ ಪಂಚಾಂಗದ ಆಪ್ ತೆರೆದುಕೊಂಡು ಕೂತಿದ್ದಳು. ಆವತ್ತು ಮಧ್ಯಾಹ್ನವೇ ಕ್ಲಿನಿಕ್ಕು.

ಮೊದಲು ತೂಕವಾಯಿತು. ಆಮೇಲೆ ನಾವೆಲ್ಲ ಮತ್ತೆ ಅದೇ ತಗ್ಗು ಕುರ್ಚಿಗಳಲ್ಲಿ ಕೂತೆವು. ಏರಿದ್ದೆಲ್ಲ ಇಳಿದಿದೆ, ದೊಡ್ಡ ಡಾಕ್ಟರ ಹತ್ತಿರ ಇವತ್ತೇ ಮಾತಾಡಬೇಕು, ಮ್ಯಾಂಚೆಸ್ಟರ್ ಆಚೆ ಬೆಡ್ ಇದೆಯೇ ಎಂದು ಕೇಳಬೇಕಾಗಬಹುದು ಎಂದು ನರ್ಸು ಹೇಳಿದರು. ಅಕ್ಕ ತನ್ನ ಹ್ಯಾಂಡ್‌ಬ್ಯಾಗಿನ ಜಿಪ್ಪು ತೆಗೆಯುತ್ತ ಹಾಕುತ್ತ ಇದ್ದಳು. ಏನಾಯಿತು ಎಂದು ಕೇಳಿದರೆ ನಾವು ಉಪ್ಪಿಟ್ಟಿನಿಂದ ಬಿಸಿಬೇಳೆಬಾತಿನವರೆಗೆ ಎಲ್ಲ ಹೇಳಿದೆವು. ನರ್ಸು ನಗಲಿಲ್ಲ. ನಕ್ಕಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

"ತಿಂದಳು, ಅದು ಒಳ್ಳೆಯದೇ. ಆದರೆ ನೀವೆಲ್ಲ ಸೇರಿ ಅವಳ ಕಾಯಿಲೆಯ ಪರ ವಾದಿಸೋಕೆ ಒಬ್ಬ ವಕೀಲನನ್ನ ಇಟ್ಟುಕೊಟ್ಟಿರಿ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಊಟಕ್ಕೂ ಊಟ ಅಲ್ಲದ್ದಕ್ಕೂ ನಿನ್ನ ತಲೆಯಲ್ಲಿ ಏನು ವ್ಯತ್ಯಾಸ, ಬ್ಯಾಬ್? ಹೊಟ್ಟೆಯಲ್ಲಿ ಅಲ್ಲ, ತಲೆಯಲ್ಲಿ" ಎಂದು ಕೇಳಿದರು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಊಟ ಎಂದರೆ ನನಗೆ ಬೇಕು ಎಂದು ನಾನು ತಿಂದದ್ದು. ಉಪ್ಪಿಟ್ಟು ಮಾಮ ಕೊಟ್ಟದ್ದು, ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

"ಬೇಕು ಅಂದರೆ ಏನಾಗತ್ತೆ?"

"ಗ್ರೀಡಿ ಆಗ್ತೀನಿ." ಶೂ ತುದಿಯಿಂದ ನೆಲ ಒತ್ತುತ್ತ, "ನಮ್ಮನೇಲಿ ಯಾರೂ ಬೇಕು ಅನ್ನಲ್ಲ. ಎವ್ರಿಬಡಿ ಜಸ್ಟ್ ಸೇಸ್ ಸಾಕು" ಎಂದಳು. ನರ್ಸಿಗೆ ಆ ಎರಡು ಕನ್ನಡ ಪದಗಳ ಅರ್ಥವನ್ನು ತಾನೇ ಬಿಡಿಸಿ ಹೇಳಿದಳು.

ನನಗೂ ಯೋಚಿಸಿದರೆ ಯಾರೂ ಬೇಕು ಎಂದದ್ದು ನೆನಪಾಗಲಿಲ್ಲ. ಅಕ್ಕ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಬಾಣಲೆಯಲ್ಲೇ ಕಲಸಿಕೊಂಡು, ನನಗೆ ಇಷ್ಟೇ ಸಾಕು ಎನ್ನುತ್ತಾಳೆ. ಭಾವನನ್ನು ಕೇಳಿದರೆ ಯಾವಾಗಲೂ ಆಗಿದೆ ಎನ್ನುತ್ತಾರೆ. ಕಡೂರಿನಲ್ಲೂ ಅಷ್ಟೆ. ಯಾರ ಮನೆಗೆ ಹೋದರೂ, ಈಗ ತಾನೇ ತಿಂದುಕೊಂಡು ಬಂದೆ ಎಂದು ಹೊಸಿಲಲ್ಲೇ ಹೇಳಿಬಿಡುತ್ತೇವೆ. ಮನೆಯಿಂದ ಖಾಲಿ ಹೊಟ್ಟೆಯಲ್ಲಿ ಹೊರಟವರೂ ಹೇಳುತ್ತೇವೆ.

ನರ್ಸು ಒಬ್ಬೊಬ್ಬರನ್ನಾಗಿ ಕೇಳಿದರು. ಈ ಮನೆಯಲ್ಲಿ ನೀವು ಕೊನೆಯ ಸಲ 'ನನಗೆ ಹಸಿವಾಗಿದೆ, ತಿನ್ನೋಕೆ ಬೇಕು' ಎಂದು ಯಾವಾಗ ಹೇಳಿದಿರಿ? ಅಕ್ಕ ತಲೆ ಅಲ್ಲಾಡಿಸಿದಳು. ಭಾವ ರೋಟಾದ ವಿಷಯ ಹೇಳತೊಡಗಿದರು, ನರ್ಸು ಕೈ ತೋರಿಸಿ ನಿಲ್ಲಿಸಿದರು. ನನ್ನ ಸರದಿ ಬಂತು. ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು.

"ಹೇಳೇ ಇಲ್ಲ. ಆದ್ರೆ ನಂಗೆ ದಿನಾ ಸಾಯಂಕಾಲ ಹಸಿವಾಗತ್ತೆ. ಇಲ್ಲಿಗ್ ಬಂದಾಗಿಂದ. ನೀರ್ ಕುಡಿದು ಸುಮ್ನಾಗ್ತೀ‌ನಿ."

ಹುಡುಗಿ ನನ್ನನ್ನು ನೋಡಿದಳು. ಇದನ್ನೂ ಅವಳೇ ಹೇಳಬೇಕಿತ್ತು. "ಹಿ ಇಸ್ ಹಂಗ್ರಿ. ಎವ್ರಿ ಡೇ."

"ಈಗ?" ಎಂದರು ನರ್ಸು.

"ಈಗಲೂ."

"ಏನಪ್ಪಾ ಇದು, ಫ್ರಿಜ್ ತುಂಬಾ ಇದೆಯಲ್ಲೋ" ಎಂದರು ಭಾವ. ಅವರಿಗೆ ನೋವಾಗಿತ್ತು.

"ನಿಮ್ಮನೆ ಭಾವ. ಕೇಳಿ ತಿನ್ನಕ್ಕಾಗತ್ತಾ?"

"ಮಾಮ, ಯು ಕುಕ್ ದ ಫುಡ್" ಎಂದಳು ಹುಡುಗಿ.

"ಮಾಡೋದು ಬೇರೆ ಪುಟ್ಟ. ಬೇಕು ಅನ್ನೋದು ಬೇರೆ."

ಅವಳು ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಅದೂ ಕೂದಲು ನೆರೆತ ಸೋದರಮಾವನ ಬಾಯಲ್ಲಿ ಕೇಳಿದರೆ ಹೇಗಿರುತ್ತದೋ ಹಾಗೆ ನೋಡುತ್ತಿದ್ದಳು. "ದಟ್ಸ್ ಸೋ ಸ್ಟುಪಿಡ್" ಎಂದಳು ಕೊನೆಗೆ, ಮೆಲ್ಲಗೆ. ನನಗೆ ಹೇಳಿದಳೋ ಇನ್ನಾರಿಗೋ ಗೊತ್ತಾಗಲಿಲ್ಲ.

ನರ್ಸು ಹೊರಗೆ ಹೋಗಿ ದೊಡ್ಡ ಡಾಕ್ಟರ ಹತ್ತಿರ ಮಾತಾಡಿ ಬಂದರು. ಒಂದು ವಾರ ಕೊಟ್ಟಿದ್ದರು. ಮುಂದಿನ ಸೋಮವಾರ ಹೀಗೆಯೇ ಇದ್ದರೆ ವಾರ್ಡು, ಇನ್ನು ಚರ್ಚೆ ಇಲ್ಲ. ಅಲ್ಲಿಯವರೆಗೆ ಮನೆಯಲ್ಲಿ ತೀರ್ಪು ಕೊಡುವುದನ್ನು ನಿಲ್ಲಿಸಬೇಕು, ತಿನ್ನುವುದನ್ನು ಅದರ ಹೆಸರಿನಿಂದಲೇ ಕರೆಯಬೇಕು, ಬೇಕಾದವರು ಬೇಕು ಎನ್ನಬೇಕು. ದೊಡ್ಡವರು ಮೊದಲು.

ಕಾರು ಅರ್ಧ ದಾರಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ, "ಡ್ಯಾಡ್, ಸ್ಟಾಪ್ ಸಮ್‌ವೇರ್. ಮಾಮ ಇಸ್ ಹಂಗ್ರಿ" ಎಂದಳು. ಬೇಡ ಬೇಡ, ಮನೆಗೇ ಹೋಗೋಣ ಎನ್ನಲು ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಅವಳು ನೋಡಿದಳು. ಮುಚ್ಚಿಕೊಂಡೆ.

ದೊಡ್ಡ ದೊಡ್ಡ ಅಂಗಡಿಗಳ ನಡುವೆ ಒಂದು ಕೆಫೆ. ಕೌಂಟರಿನ ಮೇಲೆ ಬೋರ್ಡು. ಅದರಲ್ಲಿ ಇದ್ದಬದ್ದದ್ದೆಲ್ಲ ಮೀಲ್. ಕಿಡ್ಸ್ ಮೀಲ್, ಮೀಲ್ ಡೀಲ್, ಹಾಟ್ ಮೀಲ್. ಎಷ್ಟೋ ದಿನದಿಂದ ನಾವು ಮನೆಯಲ್ಲಿ ಉಸುರದ ಪದ ಅಲ್ಲಿ ಗೋಡೆಯ ಅಗಲಕ್ಕೂ ಬರೆದಿತ್ತು. ಹುಡುಗಿ ನನ್ನನ್ನು ಮುಂದೆ ನಿಲ್ಲಿಸಿದಳು.

"ಐ ಆಮ್ ಹಂಗ್ರಿ. ಐ ವಾಂಟ್ ಮೀಲ್" ಎಂದೆ ಕೌಂಟರಿನ ಹೆಂಗಸಿಗೆ. ಅಷ್ಟು ದೊಡ್ಡವನಾಗಿ, ಅಪರಿಚಿತ ಹೆಂಗಸಿಗೆ ಹಸಿವು ಎಂದು ಹೇಳಿದ್ದು ಅದೇ ಮೊದಲು.

"ಎಲ್ಲಾ ಮೀಲೇ ಅಲ್ವಾ, ಯಾವ ಮೀಲು ಬ್ಯಾಬ್?" ಎಂಬ ಅರ್ಥದಲ್ಲಿ ಅವರು ಏನೋ ಅಂದರು. ಚೀಸು ಬೀನ್ಸು ಹಾಕಿದ ಬೆಂದ ಆಲೂಗೆಡ್ಡೆಯ ಚಿತ್ರ ತೋರಿಸಿದೆ. ಅಕ್ಕ ನನ್ನ ಹಿಂದೆಯೇ ಬಂದು, ನಂಗೂ ಅದೇ ಬೇಕು ಎಂದಳು, ಕನ್ನಡದಲ್ಲೇ, ಆಮೇಲೆ ಇಂಗ್ಲಿಷಿನಲ್ಲಿ.

ಹುಡುಗಿಯ ಸರದಿ. ಅವಳು ಬೋರ್ಡು ನೋಡುತ್ತ ನಿಂತಳು. ಹಿಂದೆ ಕ್ಯೂ ಬೆಳೆಯಿತು. ಇಂಗ್ಲಿಷಿನವರು, ಯಾರೂ ಏನೂ ಅನ್ನಲಿಲ್ಲ, ತಮ್ಮ ತಮ್ಮ ಟ್ರೇ ಹಿಡಿದು ಕಾದರು.

"ನಂಗೂ ಬೇಕು" ಎಂದಳು.

"ಏನ್ ಪುಟ್ಟ?" ಎಂದಳು ಅಕ್ಕ. ಅವಳಿಗೆ ಕೇಳಿಸದೆ ಇರಲಿಲ್ಲ.

"ಊಟ."

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳು. ಆ ಆಲೂಗೆಡ್ಡೆಯ ಮುಂದೆ ಅವಳು ಅತ್ತಳು, ಅದು ಆರಿ ತಣ್ಣಗಾಯಿತು, ಅಕ್ಕಪಕ್ಕದ ಮೇಜಿನವರು ತಿಂದು ಎದ್ದುಹೋದರು, ಕೆಲಸದವರು ನಮ್ಮ ಕಾಲ ಸುತ್ತ ನೆಲ ಒರೆಸಿದರು. ಮುಂದೆಯೂ ಬಹಳ ಕಾಲ ಆ ಕ್ಲಿನಿಕ್ಕಿಗೆ ಹೋದಳು. ಮ್ಯಾಂಚೆಸ್ಟರ್ ಆಚೆಗೆ ಹೋಗುವುದೊಂದು ತಪ್ಪಿತು, ಆ ಸೋಮವಾರವೂ, ಅದರ ಮುಂದೆಯೂ. ಆದರೆ ಆ ಮಧ್ಯಾಹ್ನ ನಮಗೆ ಅದೇನೂ ಗೊತ್ತಿರಲಿಲ್ಲ. ಒಂದು ಫೋರ್ಕಿನಷ್ಟು ಬಾಯಿಗೆ ಹೋಗಿತ್ತು, ಎರಡನೆಯದು ತಟ್ಟೆಯಲ್ಲೇ ಇತ್ತು, ಅಷ್ಟೆ.

ಆಗ ಅವಳು ತಲೆ ಎತ್ತಿ, ಕಾರಿನ ಕೀ ಹಿಡಿದುಕೊಂಡು ಎದುರಿಗೆ ಕೂತಿದ್ದ ಭಾವನ ಮುಂದೆ ಏನೂ ಇಲ್ಲದ್ದನ್ನು ನೋಡಿದಳು.

"ಡ್ಯಾಡ್, ವೇರ್ ಇಸ್ ಯುವರ್ಸ್?"

"ನಂದಾಗಿದೆ ಪುಟ್ಟ. ನೀವ್ ತಿನ್ನಿ."

"ವೆನ್?"

ಭಾವ ಯೋಚಿಸಿದರು. ಬೆಳಿಗ್ಗೆ ಎಂದರು. ಆಮೇಲೆ, "ಇಲ್ಲ, ಬೆಳಿಗ್ಗೆ ಅಲ್ಲ. ನಿನ್ನೆ" ಎಂದರು. ಎಲ್ಲರೂ ಅವರನ್ನೇ ನೋಡುತ್ತಿದ್ದುದರಿಂದ ಕೀ ಮೇಜಿನ ಮೇಲಿಟ್ಟು ಎದ್ದುಹೋಗಿ ಕ್ಯೂನಲ್ಲಿ ನಿಂತರು. ಅವರ ಸರದಿ ಬಂದಾಗ, ಬೇಕು ಎಂದೇ ಇರಬೇಕು, ಏನೋ ಹೇಳಿದರು. ಕೌಂಟರಿನ ಹೆಂಗಸಿಗೆ ಕೇಳಿಸಲಿಲ್ಲ, ಕಿವಿ ಮುಂದೆ ತಂದರು. ಭಾವ ಅತ್ತಿತ್ತ ನೋಡಿ, ಇನ್ನೂ ಸಣ್ಣ ದನಿಯಲ್ಲಿರಬೇಕು, ಮತ್ತೆ ಹೇಳಿದರು. ಅವರ ಕಿವಿ ಕೆಂಪಾಗಿದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಹುಡುಗಿ ಅಪ್ಪನನ್ನೇ ನೋಡುತ್ತ ತಟ್ಟೆಯಲ್ಲಿದ್ದ ಫೋರ್ಕನ್ನು ಬಾಯಿಗಿಟ್ಟುಕೊಂಡಳು.

"ಹಿ ಇಸ್ ಸೋ ಬ್ಯಾಡ್ ಅಟ್ ಇಟ್" ಎಂದಳು, ಅಗಿಯುತ್ತ.